ಕಿವಿಗೆ ಹಿಡಿದ ಕಾಯಿ

ರಾಜಶೇಖರನ ನಿವೃತ್ತಿಯ ಊಟಕ್ಕೆ ಅರಸೀಕೆರೆಯ ಅರ್ಧ ನೆಂಟರು ಸೇರಿದ್ದರು. ನೀರಾವರಿ ಇಲಾಖೆಯಲ್ಲಿ ಜೀವಮಾನವೆಲ್ಲ ಕುರ್ಚಿ ಬಿಸಿ ಮಾಡಿದವನು ಅಂದು ಶಾಲು, ಹಾರ, ಮೈಸೂರು ಪೇಟ ಎಲ್ಲ ಹಾಕಿಸಿಕೊಂಡು ಎರಡನೇ ಸಲ ಮದುವಣಿಗನಾದ ಹಾಗೆ ಕೂತಿದ್ದ. ಅವನ ಅಕ್ಕ ಶಾಂತಾದೇವಿ ಪಂಕ್ತಿಯಲ್ಲಿ ಗಂಡ ಗಂಗಾಧರಪ್ಪನಿಗೂ ಸೊಸೆ ಶರ್ಮಿಳಾಗೂ ನಡುವೆ ಕೂತಿದ್ದಳು. ಆ ಜಾಗ ಅವಳು ಬೇಕೆಂದೇ ಹಿಡಿದದ್ದು. ಗಂಡನ ಬಲಗಿವಿಯ ಪಕ್ಕ ತಾನಿಲ್ಲದಿದ್ದರೆ ನಾಲ್ಕು ಜನರ ನಡುವೆ ಅವನ ಮಾನ ಹೋಗುತ್ತದೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

"ಯಜಮಾನ್ರದು ಯಾವಾಗ ಆಯ್ತು ರಿಟೈರ್‌ಮೆಂಟು?" ಎದುರು ಎಲೆಯಲ್ಲಿದ್ದ ಹಾಸನದ ನೆಂಟರೊಬ್ಬರು ಕೇಳಿದರು.

ಗಂಗಾಧರಪ್ಪ ತಲೆ ಎತ್ತದೆ ಅನ್ನ ಕಲೆಸುತ್ತಿದ್ದ. ಶಾಂತಾದೇವಿ ಬಾಗಿ, "ಯಾವಾಗ ರಿಟೈರ್ ಆದ್ರಿ ಅಂತ ಕೇಳ್ತಿದಾರೆ ರೀ" ಎಂದಳು.

"ನಾನಾ?" ಗಂಗಾಧರಪ್ಪ ಪಂಕ್ತಿಯ ಕೊನೆಯವರೆಗೆ ಕೇಳುವಂತೆ ನಕ್ಕ. "ಅದೆಲ್ಲ ಸರ್ಕಾರಿ ಜನಕ್ಕೆ ಸ್ವಾಮಿ. ಕೊಬ್ಬರಿ ಮಂಡಿಯವನಿಗೆ ಎಲ್ಲಿದೆ? ಗಾದಿಯಿಂದ ಎದ್ರೆ ನೇರ ಮಣ್ಣಿಗೇ."

ಅದೇ ಹೊತ್ತಿಗೆ ಇನ್ನೊಂದು ಪಕ್ಕದಲ್ಲಿ ಶರ್ಮಿಳಾ ತನ್ನ ಓರಗೆಯವಳಿಗೆ ಹೇಳುತ್ತಿದ್ದಳು: "ಮಾವ ರಿಟೈರ್ ಆಗಿ ಎರಡು ವರ್ಷ ಆಯ್ತು ಕಣ್ರೀ. ಎಲ್ಲಾ ನಮ್ಮನೆಯವ್ರೇ ನೋಡ್ಕೊಳ್ತಿದಾರೆ. ಸುಮ್ನೆ ಹೊತ್ತು ಹೋಗ್ಲಿ ಅಂತ ಮಂಡಿಗೆ ಹೋಗ್ಬರ್ತಾರೆ."

ಎರಡು ಮಾತೂ ಒಟ್ಟಿಗೇ ಬಿದ್ದದ್ದು ಶಾಂತಾದೇವಿ ಒಬ್ಬಳ ಕಿವಿಗೇ. ಕೈಯಲ್ಲಿದ್ದ ಹೋಳಿಗೆ ತುಂಡು ಹಾಗೇ ನಿಂತಿತು. ಗಂಡ ಏನೂ ಕೇಳಿಸದೆ ತುಪ್ಪ ಬಡಿಸುವವನನ್ನು ಕರೆಯುತ್ತಿದ್ದ. ನೀನು ಯಾವಾಗ ರಿಟೈರ್ ಆಗುತ್ತೀಯಮ್ಮ ಎಂದು ಅವಳನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ಕೇಳಿದ್ದರೆ, ಇವತ್ತೇ ಆಗ್ತೀನಿ, ನಾಳೆ ಬೆಳಗಿನ ರೊಟ್ಟಿ ಯಾರು ತಟ್ಟುತ್ತೀರೋ ನೋಡಿಕೊಳ್ಳಿ ಎಂದುಬಿಡುತ್ತಿದ್ದಳೇನೋ.

ಗಂಗಾಧರಪ್ಪನ ಕಿವಿ ಮಂದವಾಗಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಹಾಲಿನವನ ಕೂಗು. ತನ್ನ ಕಿವಿಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. "ಈಗಿನವರು ಬಾಯಿ ಬಿಟ್ಟು ಮಾತಾಡಲ್ಲ, ಬರೀ ಗೊಣಗ್ತಾರೆ" ಎಂದು ಇಡೀ ಊರಿನ ಮೇಲೆ ತಪ್ಪು ಹೊರಿಸಿದ. ಎದುರು ಕೂತು ಗಟ್ಟಿಯಾಗಿ ಆಡಿದರೆ ತುಟಿ ನೋಡಿ ಹಿಡಿಯುತ್ತಿದ್ದ. ಉಳಿದದ್ದನ್ನು ಶಾಂತಾದೇವಿ ತುಂಬಿಸುತ್ತಿದ್ದಳು. ಫೋನು ಬಂದರೆ ಅವಳೇ ಎತ್ತಿ "ಸ್ನಾನಕ್ಕೆ ಹೋಗಿದಾರೆ, ವಿಷಯ ಹೇಳಿ" ಎನ್ನುವಳು. ಮಗ ಇಂದ್ರೇಶನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಹೇಳಿದ ಮರುದಿನ ಏನಾಗುತ್ತದೆ ಎಂದು ನೆನೆದು ಮುಚ್ಚಿಕೊಂಡಿದ್ದಳು.

ಏಕೆಂದರೆ ಗಂಗಾಧರಪ್ಪನ ಹೆಸರು ನಿಂತಿದ್ದೇ ಆ ಕಿವಿಯ ಮೇಲೆ. ರೈತರು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಹರವಿರುತ್ತಾರೆ. ಒಳಗಿನ ನೀರು ಪೂರ್ತಿ ಬತ್ತಿ, ತಿರುಳು ಕರಟ ಬಿಟ್ಟು ಉಂಡೆಯಾದರೆ ಕೊಬ್ಬರಿ. ಅದಕ್ಕೆ ಮೊದಲೇ ಇಳಿಸಿ ಸುಲಿದರೆ ಅದು ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಬೇಕು; ನೀರು ಕುಲುಕಿದರೆ ಇನ್ನೂ ಹಸಿ. ಗಂಗಾಧರಪ್ಪ ಅಟ್ಟಕ್ಕೆ ಹತ್ತಿ, ಕಾಯಿ ಹಿಡಿದು, "ಇಳಿಸಿ" ಅಂದ ಮೇಲೆ ಇಳಿಸುವುದು ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದ ರೂಢಿ.

ಊಟದ ಮಾರನೆಯ ವಾರವೇ ಇಂದ್ರೇಶ ಮಂಡಿಯಲ್ಲಿ ಗಾದಿ ತೆಗೆಸಿ ಮೇಜು ಹಾಕಿಸಿದ. ಮೇಜಿನ ಮೇಲೆ ಕಂಪ್ಯೂಟರು. ಗಾದಿ ಒಳಗೆ ಚೀಲಗಳ ಸಾಲಿನ ಪಕ್ಕಕ್ಕೆ ಹೋಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಗಂಗಾಧರಪ್ಪ ಮುದ್ದೆ ಮುರಿಯಲೇ ಇಲ್ಲ.

"ನಮ್ಮಪ್ಪ ಕೂತಿದ್ದ ಗಾದಿ ಕಣೋ ಅದು."

"ಇದೆ ಅಪ್ಪಾಜಿ, ಎಲ್ಲೂ ಹೋಗಿಲ್ಲ. ಟೆಂಡರ್ ಎಲ್ಲಾ ಕಂಪ್ಯೂಟರಲ್ಲೇ ಹಾಕ್ಬೇಕು. ಅದನ್ನ ಗಾದಿ ಮೇಲೆ ಇಟ್ಕೊಳಕ್ಕಾಗುತ್ತಾ?"

"ಏನು?"

"ಟೆಂಡರು ರೀ," ಎಂದಳು ಶಾಂತಾದೇವಿ ಸಾರು ಬಡಿಸುತ್ತ. "ಕಂಪ್ಯೂಟರಲ್ಲಿ ಬರುತ್ತಂತೆ."

"ಬರ್ಲಿ. ಬರೋ ರೈತ ಕಂಪ್ಯೂಟರ್ ಮುಖ ನೋಡ್ಕೊಂಡು ಬರಲ್ಲ. ನನ್ನ ಮುಖ ನೋಡಿ ಬರ್ತಾನೆ."

ಇಂದ್ರೇಶ ಹೆಂಡತಿಯ ಮುಖ ನೋಡಿದ. ಶರ್ಮಿಳಾ ಮಜ್ಜಿಗೆ ಪಾತ್ರೆ ಸರಿಸುತ್ತ, "ಮಾವ, ನೀವು ಇಷ್ಟು ವರ್ಷ ದುಡಿದಿದ್ದು ಸಾಕು. ರಾಜಶೇಖರ ಮಾವನ ಹಾಗೆ ಆರಾಮಾಗಿ ಇರಿ. ಬೆಳಗ್ಗೆ ವಾಕಿಂಗ್, ಸಂಜೆ ಮಠ. ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೂ ಹೋಗ್ಬರ್ಬಹುದು" ಎಂದಳು. ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ತನ್ನ ಅಪ್ಪ ತಿಪಟೂರಿನಲ್ಲಿ ಹಾಗೆಯೇ ಸುಖವಾಗಿದ್ದಾರೆ ಎಂಬುದು ಅವಳು ಕಂಡ ಸತ್ಯ.

"ಏನಂತೆ?"

"ಮುದ್ದೆ ಆರೋಗುತ್ತೆ, ಊಟ ಮಾಡಿ ಅಂತಿದಾಳೆ," ಎಂದಳು ಶಾಂತಾದೇವಿ.

ಮೊಮ್ಮಗಳು ಸಿರಿ ಮೊಬೈಲಿನಿಂದ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಆಮೇಲೆ ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದಳು.

ಅದಾದ ಮೂರು ವಾರಕ್ಕೆ ಹಗರೆಯಿಂದ ಜವರಯ್ಯನ ಫೋನು ಬಂತು. ಅವನ ಅಪ್ಪನ ಕಾಲದಿಂದ ಆ ಮನೆಯ ಕೊಬ್ಬರಿ ಇವರ ಮಂಡಿಗೇ ಬರುತ್ತಿತ್ತು. ಎತ್ತಿದ್ದು ಶಾಂತಾದೇವಿ.

"ಅಮ್ಮಾರೇ, ಯಜಮಾನ್ರು ಒಂದ್ಸಲ ಬಂದು ಅಟ್ಟ ನೋಡ್ಬೇಕಿತ್ತು. ನಮ್ಮ ಕುಮಾರ ಈಗ್ಲೇ ಇಳುಸ್ಬುಡಾನ ರೇಟ್ ಐತೆ ಅಂತಾನೆ. ನಮ್ಮೋಳು ಬ್ಯಾಡ ಅಂತಾಳೆ. ಯಜಮಾನ್ರು ಹೆಂಗಂತಾರೋ ಹಂಗೆ."

ಈಗಲಾದರೂ ಹೇಳಿಬಿಡಬೇಕು ಎಂದು ಅವಳ ಮನಸ್ಸು ಹೊಡೆದುಕೊಂಡಿತು. ಬೇಡಪ್ಪ ಜವರಯ್ಯ, ಅವರಿಗೆ ಕಿವಿ ಕೇಳಿಸಲ್ಲ, ನಮ್ಮ ಇಂದ್ರೇಶನ್ನ ಕರೆಸ್ಕೊ. ಇಷ್ಟೇ ಮಾತು. ಅಷ್ಟರಲ್ಲಿ ಗಂಗಾಧರಪ್ಪ ಬಾಗಿಲಲ್ಲಿ ನಿಂತು "ಯಾರು?" ಎಂದ.

"ಜವರಯ್ಯ. ಅಟ್ಟ ನೋಡೋಕೆ ಕರೀತಿದಾನೆ."

ಮೂರು ವಾರದಿಂದ ಮುದುಡಿದ್ದ ಮುಖ ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು. ಒಗೆದ ಪಂಚೆ ಎಲ್ಲಿ, ಕೊಡೆ ಎಲ್ಲಿ ಎಂದು ಮನೆಯೆಲ್ಲ ಓಡಾಡಿದ. ವಿಭೂತಿ ಧರಿಸಿ, ರೊಟ್ಟಿ ಬುತ್ತಿ ಕಟ್ಟಿಸಿಕೊಂಡ. ಹೊರಡುವಾಗ ಮಗನ ಮುಂದೆ ನಿಂತು, "ನೋಡ್ದೇನೋ? ನಿನ್ನ ಕಂಪ್ಯೂಟರನ್ನ ಕರೀಲಿಲ್ಲ ಅವನು" ಎಂದ. ಇಂದ್ರೇಶ ನಕ್ಕ. ಒಂದು ದಿನ ಮಂಡಿ ತಣ್ಣಗಿರುತ್ತದಲ್ಲ ಎಂದು ಅವನಿಗೂ ಸಮಾಧಾನ.

"ಸಿರಿ, ತಾತನ ಜೊತೆ ಹೋಗ್ಬಾರೇ," ಎಂದಳು ಶಾಂತಾದೇವಿ.

"ಕಾಲೇಜಿದೆ ಅಜ್ಜಿ. ಇಂಟರ್ನಲ್ಸ್ ಬೇರೆ."

ಹೀಗೆ ಗಂಗಾಧರಪ್ಪ ಒಬ್ಬನೇ ಜಾವಗಲ್ ದಾರಿಯ ಬಸ್ಸು ಹತ್ತಿದ. ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಹಗರೆ ಸೇರುವ ಹೊತ್ತಿಗೆ ಬಿಸಿಲೇರಿತ್ತು. ಜವರಯ್ಯ ರಸ್ತೆಯಲ್ಲೇ ಕಾದಿದ್ದು ಕರೆದುಕೊಂಡು ಹೋದ. ಅವನ ಹೆಂಡತಿ ಮಾದಮ್ಮ ಕಾಲಿಗೆ ನೀರು ಕೊಟ್ಟು ಹಾಲು ಕಾಯಿಸಿದಳು. ಏಣಿ ಹತ್ತುವಾಗ ಮಗ ಕುಮಾರ ಕೈ ಹಿಡಿಯಲು ಬಂದರೆ ಗಂಗಾಧರಪ್ಪ ಕೊಸರಿಕೊಂಡ.

ಅಟ್ಟದ ನಾಲ್ಕೂ ಮೂಲೆಯಿಂದ ಕಾಯಿ ಆರಿಸಿ ಒಂದೊಂದನ್ನೇ ಕಿವಿಗೆ ಹಿಡಿದ. ಕಣ್ಣು ಮುಚ್ಚಿ ಅಲ್ಲಾಡಿಸಿದ. ನೀರಿನ ಸದ್ದಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಇಷ್ಟು ಚೆನ್ನಾಗಿ ಒಣಗಿದ ಅಟ್ಟ ಇತ್ತೀಚೆಗೆ ಕಂಡಿರಲಿಲ್ಲ ಎಂದು ಅವನಿಗೆ ಸಂತೋಷವಾಯಿತು.

"ಚಿನ್ನ ಕಣೋ ಜವರಯ್ಯ. ಒಂದು ತೊಟ್ಟು ನೀರಿಲ್ಲ. ನಾಳೆಯೇ ಇಳ್ಸು."

ಅವನು ಬಸ್ಸು ಹತ್ತಿ ಹೋದ ಮೇಲೆ ಮಾದಮ್ಮ ಒಂದು ಕಾಯಿ ಕೈಗೆತ್ತಿಕೊಂಡಳು. "ಒಳಗೆ ನೀರು ಅಲ್ಲಾಡ್ತಾ ಐತಲ್ಲ. ಇಲ್ಲಿ ನೋಡು, ಕೇಳುಸ್ಕೊ."

ಜವರಯ್ಯ ಕೇಳಿಸಿಕೊಂಡ. ಅವನಿಗೂ ನೀರಿನ ಸದ್ದು ಬಂತು. ಇನ್ನೊಂದು ಕಾಯಿ ಹಿಡಿದ, ಅದರಲ್ಲೂ ಬಂತು. ಆದರೂ ಕಾಯನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟ.

"ಯಜಮಾನ್ರು ಹಿಡಿದು ನೋಡಿದ್ ಮ್ಯಾಕೆ ನಾವು ಹಿಡೀಬಾರ್ದು ಕಣಮ್ಮಿ. ಅವ್ರಿಗೆ ಕೇಳ್ದೆ ಇದ್ದುದ್ದು ನಮ್ಗೆ ಕೇಳುಸ್ತದಾ? ನಮ್ಮಪ್ಪನ ಕಾಲ್ದಿಂದ್ಲೂ ಅವ್ರ ಮಾತು ಒಂದ್ ದಿನ ತಪ್ಪಿಲ್ಲ."

ಸುಲಿಯುವವರು ಬಂದರು. ಅಂಗಳದ ತುಂಬ ಸಿಪ್ಪೆಯ ರಾಶಿ ಬಿತ್ತು. ಎಲ್ಲ ಸುಲಿದಾದ ಮೇಲೆ ಕರಟ ಒಡೆಯಲು ಕೂತರು. ಮೊದಲ ಏಟಿಗೇ ನೀರು ಸೋರಿತು. ಎರಡನೆಯದರಲ್ಲೂ ಸೋರಿತು. ಅಲ್ಲೊಂದು ಇಲ್ಲೊಂದು ಉಂಡೆ ಸಿಕ್ಕಿದ್ದು ಬಿಟ್ಟರೆ ಒಡೆದು ನೋಡಿದ್ದೆಲ್ಲ ಹಸಿ. ಸುಲಿದ ಕಾಯಿ ಮತ್ತೆ ಅಟ್ಟಕ್ಕೆ ಹಾಕುವಂತಿಲ್ಲ, ಬಿರುಕು ಬಿಟ್ಟು ಹುಳಿಯುತ್ತದೆ. ಮಾದಮ್ಮ ಅಳಲಿಲ್ಲ, ಗಂಡನನ್ನು ಬಯ್ಯಲೂ ಇಲ್ಲ. ಒಡೆದ ಹೋಳುಗಳನ್ನು ಆರಿಸಿ ಬುಟ್ಟಿಗೆ ತುಂಬತೊಡಗಿದಳು.

ಕುಮಾರ ಗೂಡ್ಸ್ ಆಟೋದಲ್ಲಿ ಎರಡು ಚೀಲ ಹಾಕಿಕೊಂಡು ಅರಸೀಕೆರೆಗೆ ಬಂದು ಮಂಡಿಯ ಬಾಗಿಲಲ್ಲೇ ಸುರಿದ. ಹಿಂದೆಯೇ ಜವರಯ್ಯ ಹೆಗಲ ಟವೆಲ್ಲು ಕೈಯಲ್ಲಿ ಹಿಂಡುತ್ತ ಇಳಿದ.

"ಏನಪ್ಪಾ ಇದು?" ಇಂದ್ರೇಶ ಮೇಜು ಬಿಟ್ಟು ಎದ್ದ.

"ನಿಮ್ಮಪ್ಪಾರನ್ನೇ ಕೇಳಿ. ಒಂದು ತೊಟ್ಟು ನೀರಿಲ್ಲ ಅಂದ್ರು. ಇಡೀ ಅಟ್ಟ ಸುಲ್ಸಾಕಿದೀವಿ."

"ಕುಮಾರ, ಸುಮ್ಕಿರ್ಲಾ," ಎಂದ ಜವರಯ್ಯ. "ನಂದೇ ತಪ್ಪು ಸಾಮಿ. ಆತುರ ಬಿದ್ಬುಟ್ಟೆ."

ಗಂಗಾಧರಪ್ಪನಿಗೆ ಮಾತು ಕೇಳಿಸಲಿಲ್ಲ. ಆದರೆ ಬಾಗಿಲಲ್ಲಿ ಸುರಿದ ಕಾಯಿ ಕಂಡು ಎದ್ದು ಬಂದ. ಪಕ್ಕದ ಮಂಡಿಯವರೂ ಹಮಾಲರೂ ಬಂದು ನಿಂತಿದ್ದರು. ಅವನು ಬಗ್ಗಿ ಒಂದು ಕಾಯಿ ಎತ್ತಿ, ಎಲ್ಲರೂ ನೋಡುವಂತೆ ಕಿವಿಗೆ ಹಿಡಿದು ಅಲ್ಲಾಡಿಸಿದ. ಆ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು.

"ಒಣಗಿದೆಯಲ್ಲೋ. ಏನು ಇದಕ್ಕೆ?"

ಹಮಾಲನೊಬ್ಬ ತಲೆ ತಗ್ಗಿಸಿದ. ಕುಮಾರ ಮುಂದೆ ಬಂದು ಗಂಗಾಧರಪ್ಪನ ಕೈಯಿಂದ ಆ ಕಾಯನ್ನೇ ತೆಗೆದುಕೊಂಡು ಹೊಸಿಲಿಗೆ ಒಡೆದ. ನೀರು ಹೊಸಿಲ ಮೇಲಿಂದ ಹರಿದು ಗಂಗಾಧರಪ್ಪನ ಚಪ್ಪಲಿಯವರೆಗೆ ಬಂತು.

ಅವನು ನೀರನ್ನೇ ನೋಡುತ್ತ ನಿಂತ. ಇನ್ನೊಂದು ಕಾಯಿ ಎತ್ತಿಕೊಂಡು ಕಿವಿಗೆ ಹಿಡಿದ. ಅದನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ ತಾನೇ ಒಡೆದ. ಅದರಲ್ಲೂ ನೀರು.

"ಅಪ್ಪಾಜಿ, ನಿಮಗೆ ಕೇಳಿಸ್ತಾ ಇಲ್ವಾ?" ಎಂದ ಇಂದ್ರೇಶ ಮೆಲ್ಲಗೆ.

"ಏನಂದೆ?" ಎಂದ ಗಂಗಾಧರಪ್ಪ.

ಜವರಯ್ಯನ ಕಾಯನ್ನೆಲ್ಲ ಇಂದ್ರೇಶ ಎಣ್ಣೆ ಮಿಲ್ಲಿಗೆ ಸಾಗಿಸಿ, ನಷ್ಟದಲ್ಲಿ ತನ್ನ ಕೈಯಿಂದ ಅರ್ಧ ಕೊಟ್ಟ. ಅದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ, ಕೆಟ್ಟ ಮಗನೇನಲ್ಲ ಅವನು. ಆದರೆ ಅಂದು ಮನೆಗೆ ಬಂದವನು ನೇರ ಅಡುಗೆಮನೆಗೇ ನುಗ್ಗಿದ.

"ಎಷ್ಟು ದಿನದಿಂದ ಅಮ್ಮ?"

ಶಾಂತಾದೇವಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಎರಡು ವರ್ಷ ಆಗಿರ್ಬೇಕು."

"ಎರಡು ವರ್ಷ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ನೀನು."

"ಬಿಟ್ಟಿದ್ರೆ ಏನ್ಮಾಡ್ತಿದ್ದೆ? ಮನೇಲಿ ಕೂರಿಸ್ತಿದ್ದೆ."

"ಹೌದು, ಕೂರಿಸ್ತಿದ್ದೆ. ಜವರಯ್ಯನ ಮನೆ ಒಂದು ವರ್ಷದ ಫಸಲು ಉಳೀತಿತ್ತು. ಅಪ್ಪಾಜಿ ಮರ್ಯಾದೆನೂ ಉಳೀತಿತ್ತು. ನಾಲ್ಕು ಜನರ ಮುಂದೆ, ಆ ಹುಡುಗನ ಕೈಯಲ್ಲಿ ಹೋಯ್ತಲ್ಲ. ನೀನೇ ಮಾಡಿದ್ದು ಇದನ್ನ."

"ಅತ್ತೆ, ನಂಗಾದ್ರೂ ಹೇಳ್ಬಹುದಿತ್ತು," ಎಂದಳು ಶರ್ಮಿಳಾ ಬಾಗಿಲಿಂದ.

"ನಿಂಗೇನಮ್ಮ ಹೇಳೋದು. ಅವತ್ತೇ ಊಟದ ಮನೇಲಿ ಅವರನ್ನ ರಿಟೈರ್ ಮಾಡಿ ಕೂರಿಸಿದ್ಯಲ್ಲ."

ಶರ್ಮಿಳಾಳ ಮುಖ ಕೆಂಪಾಯಿತು. "ನಾನು ಸುಳ್ಳು ಹೇಳಿದ್ನಾ ಅತ್ತೆ?"

ಶಾಂತಾದೇವಿ ರೊಟ್ಟಿಗೆ ಹಿಟ್ಟು ಉದುರಿಸಿದಳು. ಮಗ ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು, ಅದೇ ಅವಳನ್ನು ಸುಡುತ್ತಿತ್ತು. ಗಂಡನನ್ನು ಕಾಪಾಡುತ್ತೇನೆ ಎಂದುಕೊಂಡು ತಾನೇ ಅವನನ್ನು ಬಾವಿಯ ಕಡೆಗೆ ನಡೆಸಿದ್ದಳು. ಮಾದಮ್ಮನ ಮುಖ ನೋಡಬೇಕಾಗಿ ಬಂದರೆ ಹೇಗೆ ನೋಡುವುದು ಎಂದು ಯೋಚಿಸುತ್ತ ಒತ್ತಿ ತಟ್ಟಿದಳು. ರೊಟ್ಟಿ ಹರಿಯಿತು. ಅದನ್ನು ಮತ್ತೆ ಮುದ್ದೆ ಮಾಡಿ ತಟ್ಟಿದಳು.

ಹಾಸನಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ನು ಹಾಕಿಸಿದರು. ಅದು ಹಾಕಿದ ಮೇಲೆ ಗಂಗಾಧರಪ್ಪನಿಗೆ ಮಿಕ್ಸಿ ಕೇಳಿಸಿತು, ರೈಲು ಕೇಳಿಸಿತು, ತಟ್ಟೆ ತೊಳೆಯುವ ಸದ್ದು ತಲೆಯೊಳಗೇ ಬಡಿದಂತೆ ಕೇಳಿಸಿತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ದೇವರ ಮನೆಯ ಬುಟ್ಟಿಯಿಂದ ಪೂಜೆಯ ಕಾಯಿ ತಂದು ಕಿವಿಗೆ ಹಿಡಿದು ಅಲ್ಲಾಡಿಸಿದ. ಮಿಷನ್ನಿನ ಗೊರಗೊರ ಬಿಟ್ಟು ಬೇರೇನೂ ಇಲ್ಲ.

ಕಾಲೇಜಿನಿಂದ ಬಂದ ಸಿರಿ ಅದನ್ನು ನೋಡಿದಳು. ಪಾಪ ಎನ್ನಿಸಿ ಹತ್ತಿರ ಬಂದು ಕಾಯಿ ತೆಗೆದುಕೊಂಡು ತಾನೂ ಅಲ್ಲಾಡಿಸಿ, ಅವನ ಎದುರು ಬಾಗಿ ಗಟ್ಟಿಯಾಗಿ ಹೇಳಿದಳು: "ಇದ್ರಲ್ಲಿ ನೀರಿದೆ ತಾತ."

"ನಿಂಗೆ ಕೇಳಿಸ್ತಾ?"

"ಹೂಂ. ಯಾರಿಗಾದ್ರೂ ಕೇಳಿಸುತ್ತೆ ತಾತ."

ಹುಡುಗಿ ಸಮಾಧಾನ ಮಾಡಲೆಂದೇ ಅಂದದ್ದು. ಗಂಗಾಧರಪ್ಪ ಕಾಯನ್ನು ಅವಳ ಕೈಯಿಂದ ತೆಗೆದು ಬುಟ್ಟಿಗೆ ಹಾಕಿದ. ಜೀವಮಾನವೆಲ್ಲ ತನಗೊಬ್ಬನಿಗೇ ಒಲಿದ ವಿದ್ಯೆ ಎಂದು ತಿಳಿದಿದ್ದನಲ್ಲ. ಮಿಷನ್ನನ್ನು ತೆಗೆದು ಡಬ್ಬಿಯಲ್ಲಿಟ್ಟ. ಆಮೇಲೆ ಅದನ್ನು ಹಾಕಿಕೊಳ್ಳಲಿಲ್ಲ. ಮಂಡಿಗೂ ಹೋಗಲಿಲ್ಲ. ಹೋಗಬೇಡಿ ಎಂದು ಯಾರೂ ಹೇಳಬೇಕಾಗಲಿಲ್ಲ, ಹೋಗಿ ಎಂದೂ ಯಾರೂ ಹೇಳಲಿಲ್ಲ. ಬೆಳಗ್ಗೆ ಮೊದಲಿನ ಹಾಗೆಯೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಗೆದ ಪಂಚೆ ಉಟ್ಟು, ಜಗಲಿಯ ಮೇಲೆ ಮಂಡಿಯ ದಾರಿಗೆ ಬೆನ್ನು ಮಾಡಿ ಕೂರುತ್ತಿದ್ದ.

ರಾಜಶೇಖರ ಒಮ್ಮೆ ಬಂದು, "ಭಾವ, ಕಾಶಿಗೆ ಟಿಕೆಟ್ ಮಾಡಿಸ್ತಿದೀನಿ, ನೀವೂ ಬನ್ನಿ. ಈಗ ನೀವೂ ನಮ್ಮ ಪಾರ್ಟಿ ತಾನೆ" ಎಂದು ಬೆನ್ನು ತಟ್ಟಿದ. ಗಂಗಾಧರಪ್ಪ ಹೆಂಡತಿಯ ಕಡೆ ತಿರುಗಿದ. "ಕಾಫಿ ಕುಡೀತೀರಾ ಅಂತಿದಾನೆ" ಎಂದಳು ಶಾಂತಾದೇವಿ. ಅಷ್ಟೆಲ್ಲ ಆದ ಮೇಲೂ ಅವಳಿಗೆ ಆ ಚಾಳಿ ಬಿಟ್ಟಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಜವರಯ್ಯ ಬಂದ. ಕೈಯಲ್ಲಿ ಅವರೆಕಾಯಿ ಚೀಲ. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಯಜಮಾನರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಗಂಗಾಧರಪ್ಪ ಅವನ ಕೈ ಹಿಡಿದು ಬಿಡಲಿಲ್ಲ. ಶಾಂತಾದೇವಿ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಮಾದಮ್ಮ ಹೇಗಿದಾಳಪ್ಪ?"

"ಹೆಂಗೋ ಅವ್ಳೆ ಅಮ್ಮಾರೇ. ಅವಳೇ ಅವರೆಕಾಯಿ ಕಿತ್ಕೊಟ್ಟಿದ್ದು, ಯಜಮಾನ್ರಿಗೆ ಕೊಡು ಅಂತ." ಜವರಯ್ಯ ತಲೆ ತಗ್ಗಿಸಿದ. "ಒಂದು ವಿಷ್ಯ ನಾನೇ ಬಂದು ಹೇಳ್ಬೇಕು ಅನ್ನುಸ್ತು. ನಮ್ಮ ಕುಮಾರ ಅಟ್ಟ ಕೀಳ್ಸಾಕ್ಬುಟ್ಟ. ಇನ್ಮೇಲೆ ಎಳನೀರಿಗೇ ಕೊಡೋದಂತೆ. ಲಾರಿಯೋರು ತೋಟಕ್ಕೇ ಬತ್ತಾರೆ. ಕೊಬ್ರಿ ಮಾಡಲ್ಲ ಇನ್ನು."

ಗಂಗಾಧರಪ್ಪ ಹೆಂಡತಿಯ ಮುಖ ನೋಡಿದ. "ಏನಂತೆ?"

ಶಾಂತಾದೇವಿ ಅವರೆಕಾಯಿ ಚೀಲವನ್ನು ಗಂಡನ ಪಕ್ಕಕ್ಕೆ ಎತ್ತಿಟ್ಟಳು. ಆಮೇಲೆ ಬಾಗಿ, "ಮುಂದಿನ ವರ್ಷ ಅಟ್ಟ ನೋಡೋಕೆ ನೀವೇ ಬರ್ಬೇಕಂತೆ ರೀ. ನೀವು ಬರ್ದೆ ಇಳಿಸಲ್ವಂತೆ" ಎಂದಳು.

ಆ ಮಾತು ಕೇಳಿ ಜವರಯ್ಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಗಂಗಾಧರಪ್ಪ ಅವನನ್ನೇ ನೋಡುತ್ತಿದ್ದ. ಕಿವಿ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

"ಅಟ್ಟ ನೋಡೋಕೆ ಕರೆಯೋನು ಹೀಗೆ ಅಳ್ತಾನೇನೇ? ನಿಜ ಹೇಳು ಶಾಂತಾ. ಎರಡು ವರ್ಷ ನಿನ್ನ ಬಾಯಲ್ಲಿ ಏನೇನು ಕೇಳಿದೀನೋ ನಂಗೊತ್ತಿಲ್ಲ. ಇದೊಂದು ನಿಜ ಹೇಳು."

ಅವಳು ಜವರಯ್ಯನನ್ನು ನೋಡಿದಳು. ಒಳಗೆ ಶರ್ಮಿಳಾ ಮಿಕ್ಸಿ ನಿಲ್ಲಿಸಿದ್ದಳು. ಹೊರಡಲು ಸಿದ್ಧನಾಗಿದ್ದ ಇಂದ್ರೇಶ ಬಾಗಿಲಲ್ಲಿ ಬೈಕಿನ ಕೀಲಿ ಹಿಡಿದು ನಿಂತಿದ್ದ. ಶಾಂತಾದೇವಿ ಗಂಡನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಬಲಗಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅಟ್ಟ ಕಿತ್ತಾಕಿದಾರಂತೆ. ಇನ್ನು ಕೊಬ್ಬರಿ ಮಾಡಲ್ವಂತೆ. ನಿಮ್ಮನ್ನ ಕರಿಯಲ್ಲ."

"ಕೇಳಿಸ್ತು," ಎಂದ ಗಂಗಾಧರಪ್ಪ.

ಅವರೆಕಾಯಿ ಚೀಲದ ಬಾಯಿಯ ಗಂಟನ್ನು ಬೆರಳಲ್ಲಿ ತಡವಿದ. ಆಮೇಲೆ ಜವರಯ್ಯನ ಕೈ ಬಿಟ್ಟು, ಕಿವುಡರ ಆ ದೊಡ್ಡ ಧ್ವನಿಯಲ್ಲಿ, "ಒಳ್ಳೇದು ಮಾಡ್ದೆ ಕಣೋ. ನಂದೂ ರಿಟೈರ್ ಆಯ್ತು" ಎಂದ. ಇಂದ್ರೇಶ ಕೀಲಿಯನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ. ಹಾರ ತರುವವರು ಯಾರೂ ಇರಲಿಲ್ಲ.

ಒಳಗಿನಿಂದ ಸೀದ ವಾಸನೆ ಬಂತು. "ರೊಟ್ಟಿ," ಎಂದಳು ಶಾಂತಾದೇವಿ ತನಗೆ ತಾನೇ. ಮೊಣಕಾಲು ಹಿಡಿದುಕೊಂಡು ನೆಟ್ಟಗಾದಳು. "ಊಟ ಮಾಡದೆ ಹೋಗ್ಬೇಡಪ್ಪ ಜವರಯ್ಯ" ಎಂದು ಹೇಳಿ ಒಳಗೆ ಹೋಗಿ, ಸೀದದ್ದನ್ನು ತನ್ನ ತಟ್ಟೆಗೆ ತೆಗೆದಿಟ್ಟು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ತಟ್ಟತೊಡಗಿದಳು.